ಮೋಟಾರ್‌ಸೈಕಲ್ಲಿನ ಹೋಸ್ ಕ್ಲಿಪ್: ಕಬ್ಬಿನ ಸೀಮೆಯ ಗಾಡಿಗಳಲ್ಲಿ

ರಬ್ಬರ್, ಸಿಲಿಕೋನ್ ಅಥವಾ ಪ್ಲಾಸ್ಟಿಕ್ ಪೈಪಿನ ತುದಿಯನ್ನು ಲೋಹದ ಮೂತಿಯ ಮೇಲೆ ಸುತ್ತಲೂ ಒಂದೇ ಸಮನೆ ಒತ್ತಿ, ಒಳಗಿನ ದ್ರವವೋ ಗಾಳಿಯೋ ಸೋರದಂತೆ ಹಿಡಿಯುವ ಪಟ್ಟಿಗೆ ಹೋಸ್ ಕ್ಲಿಪ್ ಎನ್ನುತ್ತಾರೆ. ಮೋಟಾರ್‌ಸೈಕಲ್ಲಿನಲ್ಲಿ ಇದು ಮುಖ್ಯವಾಗಿ ನಾಲ್ಕು ಕಡೆ ಕಾಣಸಿಗುತ್ತದೆ: ಟ್ಯಾಂಕಿನಿಂದ ಕಾರ್ಬ್ಯುರೇಟರಿಗೆ ಇಳಿಯುವ ಪೆಟ್ರೋಲ್ ಪೈಪು, ಏರ್ ಫಿಲ್ಟರಿನಿಂದ ಎಂಜಿನ್ನಿನವರೆಗಿನ ಗಾಳಿಯ ದಾರಿ, ರೇಡಿಯೇಟರ್ ಇರುವ ಗಾಡಿಗಳ ಕೂಲಂಟ್ ಪೈಪುಗಳು, ಕ್ರ್ಯಾಂಕ್‌ಕೇಸಿನ ಬ್ರೀದರ್ ಪೈಪು. ಅಂಗಡಿಯಲ್ಲಿ ಕ್ಲಿಪ್, ಕ್ಲಾಂಪ್, ಜುಬಿಲಿ ಕ್ಲಿಪ್ ಎಂದು ಯಾವ ಹೆಸರು ಹೇಳಿ ಕೇಳಿದರೂ ಸಾಮಾನ್ಯವಾಗಿ ಕೈಗೆ ಬರುವುದು ಸ್ಕ್ರೂ ಇರುವ ಒಂದೇ ಬಗೆಯದು. ತೊಂದರೆ ಶುರುವಾಗುವುದೂ ಅಲ್ಲಿಂದಲೇ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಈ ಸಾಮಾನು ಗಾಡಿಗಿಂತ ಮೊದಲು ಹೊಲಕ್ಕೆ ಬೇಕಾದದ್ದು. ಕೃಷ್ಣಾ, ಘಟಪ್ರಭಾ ನದಿಗಳಿಂದ ನೀರೆತ್ತಿ ಕಬ್ಬು ಬೆಳೆಯುವ ಸೀಮೆ ಇದು. ಜಮಖಂಡಿ ಬಳಿಯ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಬ್ಯಾರೇಜು ಕಟ್ಟಿದ್ದು 1989ರಲ್ಲಿ. ನೀರು ನಿಂತ ಮೇಲೆ ಪಂಪ್‌ಸೆಟ್ಟುಗಳು ಹೆಚ್ಚಿದವು, ಪೈಪು ಹೆಚ್ಚಿತು, ಪೈಪಿನ ಜೊತೆಗೆ ಕ್ಲಿಪ್ಪೂ ಬಂತು. ಮೋಟಾರಿನ ಸಕ್ಷನ್ ಪೈಪಿಗೆ ತಂದ ಕ್ಲಿಪ್ಪುಗಳಲ್ಲಿ ಮಿಕ್ಕಿದ ಒಂದು ಗಾಡಿಗೂ ಏರುವುದು ಇಲ್ಲಿ ಸಹಜ. ಪಂಪ್‌ಸೆಟ್ಟಿಗೆ ಅದು ಸರಿಯೇ. ಪೆಟ್ರೋಲಿಗೆ, ಕುದಿಯುವ ಕೂಲಂಟಿಗೆ, ಎಂಜಿನ್ನಿನ ನಡುಕಕ್ಕೆ ಅದೇ ಸಾಕೇ ಎಂಬುದು ಬೇರೆ ಪ್ರಶ್ನೆ.

ಈ ಸೀಮೆಗೆ ಇನ್ನೊಂದು ವಿಶೇಷವಿದೆ. ಜಮಖಂಡಿ ತಾಲ್ಲೂಕಿನ ಹಿರೇಪಡಸಲಗಿ ಮತ್ತು ಸಿದ್ದಾಪುರ, ಮುಧೋಳ ತಾಲ್ಲೂಕಿನ ಉತ್ತೂರು ಮತ್ತು ತಿಮ್ಮಾಪುರ, ಬೀಳಗಿ ತಾಲ್ಲೂಕಿನ ಬಾಡಗಂಡಿ, ಮಹಾಲಿಂಗಪುರದ ಹತ್ತಿರದ ಸಮೀರವಾಡಿ ಎಲ್ಲವೂ ಸಕ್ಕರೆ ಕಾರ್ಖಾನೆಗಳ ಊರುಗಳು. ಸಮೀರವಾಡಿಯ ಗೋದಾವರಿ ಬಯೋರಿಫೈನರೀಸ್, ಮುಧೋಳದ ನಿರಾಣಿ ಸಮೂಹ ಎಥನಾಲ್ ತಯಾರಿಕೆಯಲ್ಲಿ ದೊಡ್ಡ ಹೆಸರುಗಳು. ಹೀಗೆ ಇಲ್ಲಿಂದ ಎಥನಾಲ್ ಆಗಿ ಹೊರಟ ಕಬ್ಬು ಪೆಟ್ರೋಲಿನಲ್ಲಿ ಬೆರೆತು ಇಲ್ಲಿಯ ಬಂಕುಗಳಿಗೇ ಮರಳುತ್ತದೆ. ಹಳೆಯ ಗಾಡಿಗಳಲ್ಲಿ ಅದು ಮೊದಲು ಪರೀಕ್ಷೆಗೆ ಒಡ್ಡುವುದು ಪೆಟ್ರೋಲ್ ಪೈಪನ್ನು, ಪೈಪಿನ ತುದಿಯ ಕ್ಲಿಪ್ಪನ್ನು.

ಸ್ಕ್ರೂ ತಿರುಗಿಸಿ ಬಿಗಿಯುವ ಇಂದಿನ ಕ್ಲಿಪ್ ಬ್ರಿಟಿಷ್ ನೌಕಾಪಡೆಯ ಕಮಾಂಡರ್ ಲಮ್ಲಿ ರಾಬಿನ್ಸನ್ ಅವರದು. ಅವರಿಗೆ ಪೇಟೆಂಟ್ ಸಿಕ್ಕಿದ್ದು 1921ರಲ್ಲಿ. ಇಂಗ್ಲೆಂಡಿನ ಕೆಂಟ್ ಪ್ರಾಂತದ ಗಿಲ್ಲಿಂಗಮ್ಮಿನಲ್ಲಿ ಅವರು ಕಟ್ಟಿದ ಕಂಪನಿ ಇದನ್ನು ಜುಬಿಲಿ ಎಂಬ ಹೆಸರಿನಲ್ಲಿ ಮಾರಿತು. ಆ ಮಾರಾಟದ ಹೆಸರೇ ವಸ್ತುವಿನ ಹೆಸರಾಗಿ ಜಮಖಂಡಿಯ ಅಂಗಡಿಯವರೆಗೂ ಬಂದಿದೆ. ಒಮ್ಮೆ ಒತ್ತಿದರೆ ಮತ್ತೆ ಬಿಚ್ಚಲಾಗದ, ಕಿವಿಯಿರುವ ಕ್ಲಿಪ್ಪಿಗೆ ಹೆಸರಾದ ಸ್ವಿಟ್ಜರ್ಲೆಂಡಿನ ಓಟಿಕರ್ ಕಂಪನಿ ಶುರುವಾದದ್ದು 1942ರಲ್ಲಿ. ಸ್ಕ್ರೂ ಕ್ಲಿಪ್ಪಿನ ಅಳತೆ, ಗುಣಮಟ್ಟಗಳಿಗೆ ಜರ್ಮನಿಯಲ್ಲಿ ಡಿನ್ 3017, ಭಾರತದಲ್ಲಿ ಐಎಸ್ 4762 ಮಾನಕಗಳಿವೆ. ಬೀದಿಯಲ್ಲಿ ಸಿಗುವ ಬಹಳಷ್ಟು ಕ್ಲಿಪ್ಪುಗಳ ಮೇಲೆ ಯಾವ ಮಾನಕದ ಗುರುತೂ ಇರುವುದಿಲ್ಲ.

ಸ್ಕ್ರೂ ಕ್ಲಿಪ್ಪಿನಲ್ಲಿ ಎರಡು ಜಾತಿ. ಒಂದರಲ್ಲಿ ಪಟ್ಟಿಗೆ ಉದ್ದಕ್ಕೂ ಸೀಳುಗಳನ್ನು ಕೊರೆದಿರುತ್ತಾರೆ. ಸ್ಕ್ರೂವಿನ ಎಳೆ ಆ ಸೀಳುಗಳಿಗೆ ಕಚ್ಚಿಕೊಂಡು ಪಟ್ಟಿಯನ್ನು ಎಳೆಯುತ್ತದೆ. ಅಗ್ಗವಾದದ್ದು, ಎಲ್ಲೆಡೆ ಸಿಗುವುದು ಇದೇ. ಆದರೆ ಬಿಗಿ ಹೆಚ್ಚಿದಂತೆ ಮೆತ್ತನೆಯ ರಬ್ಬರ್ ಆ ಸೀಳುಗಳೊಳಗೆ ಉಬ್ಬಿ ಅಂಚಿಗೆ ಕತ್ತರಿಸಿಕೊಳ್ಳುತ್ತದೆ. ಇನ್ನೊಂದರಲ್ಲಿ ಪಟ್ಟಿಯ ಒಳಮೈ ನುಣುಪು, ಎಳೆಯ ಗುರುತು ಹೊರಗಡೆ ಮಾತ್ರ ಒತ್ತಿರುತ್ತದೆ, ಅಂಚು ಹೊರಕ್ಕೆ ಮಡಚಿರುತ್ತದೆ. ಸಿಲಿಕೋನ್ ಪೈಪಿಗೆ ಎರಡನೆಯದೇ ಬೇಕು. ಬಣ್ಣದ ಸಿಲಿಕೋನ್ ಪೈಪನ್ನು ದುಬಾರಿ ಬೆಲೆ ತೆತ್ತು ತರಿಸಿ, ಅದರ ಮೇಲೆ ಸೀಳಿನ ಕ್ಲಿಪ್ ಬಿಗಿದರೆ ಕೊಟ್ಟ ಹಣ ನೀರಿನ ಜೊತೆಗೇ ಹರಿದು ಹೋಗುತ್ತದೆ.

ಕಂಪನಿಯಿಂದ ಬರುವ ಗಾಡಿಗಳಲ್ಲಿ ಮಾತ್ರ ಸ್ಪ್ರಿಂಗ್ ಕ್ಲಿಪ್ಪಿನದೇ ದೊಡ್ಡ ಪಾಲು. ಪೆಟ್ರೋಲ್ ಪೈಪಿಗೆ ತಂತಿಯ ಸುರುಳಿ, ಕೂಲಂಟ್ ಪೈಪಿಗೆ ಅಗಲ ಪಟ್ಟಿಯ ಸ್ಪ್ರಿಂಗ್. ಪಕ್ಕಡದಿಂದ ಎರಡು ಕಿವಿ ಒತ್ತಿದರೆ ಬಾಯಿ ಬಿಡುತ್ತದೆ, ಬಿಟ್ಟರೆ ಹಿಡಿಯುತ್ತದೆ. ನೋಡಲು ಇದು ಸಡಿಲ ಕಾಣುವುದರಿಂದ ಅನೇಕರು ಕಿತ್ತೆಸೆದು ಸ್ಕ್ರೂ ಕ್ಲಿಪ್ ಹಾಕಿಸುತ್ತಾರೆ. ಇದು ಒಳ್ಳೆಯದನ್ನು ಕೊಟ್ಟು ಕಡಿಮೆಯದನ್ನು ತಂದಂತೆ. ರಬ್ಬರ್ ಕಾದಾಗ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ, ವರ್ಷಗಟ್ಟಲೆ ಒತ್ತಡದಲ್ಲಿದ್ದರೆ ತೆಳ್ಳಗಾಗಿ ಹಾಗೆಯೇ ಉಳಿದುಬಿಡುತ್ತದೆ. ಸ್ಪ್ರಿಂಗ್ ಈ ಏರಿಳಿತವನ್ನೆಲ್ಲ ತಾನೇ ಹಿಂಬಾಲಿಸುತ್ತದೆ. ಸ್ಕ್ರೂ ಕ್ಲಿಪ್ ಬಿಗಿದ ದಿನದ ಅಳತೆಯಲ್ಲೇ ನಿಂತಿರುತ್ತದೆ. ಡಿಸೆಂಬರಿನ ಬೆಳಗ್ಗೆ ಗಾಡಿಯ ಕೆಳಗೆ ಎರಡು ಹನಿ ಕೂಲಂಟ್ ಬಿದ್ದಿದ್ದು, ಎಂಜಿನ್ ಬಿಸಿಯಾದ ಮೇಲೆ ಸೋರಿಕೆ ನಿಂತುಹೋದರೆ ಅದಕ್ಕೆ ಸಾಮಾನ್ಯ ಕಾರಣ ಇದೇ.

ಪೆಟ್ರೋಲ್ ಪೈಪಿನಂಥ ಸಣ್ಣ ಪೈಪಿಗೆ ಮಾಮೂಲಿ ಸ್ಕ್ರೂ ಕ್ಲಿಪ್ ಸರಿಹೊಂದುವುದೂ ಇಲ್ಲ. ಇಷ್ಟು ಚಿಕ್ಕ ಅಳತೆಯಲ್ಲಿ ಸ್ಕ್ರೂ ಕೂರುವ ಗೂಡಿನ ತಳ ಚಪ್ಪಟೆಯಾಗಿಯೇ ಉಳಿಯುವುದರಿಂದ ಒತ್ತಡ ಎರಡು ಕಡೆ ಹೆಚ್ಚಿ, ನಡುವೆ ಸಂದು ಬಿಡುತ್ತದೆ. ಅಲ್ಲಿಗೆ ತಂತಿ ಸ್ಪ್ರಿಂಗ್, ಇಲ್ಲವೇ ಸಣ್ಣ ಬೋಲ್ಟು ನಟ್ಟಿನಿಂದ ಎರಡು ತುದಿ ಕೂಡಿಸುವ, ಒಳಗೆ ಪೂರ್ತಿ ದುಂಡಗಿರುವ ಮಿನಿ ಕ್ಲಿಪ್ ತಕ್ಕದ್ದು.

ಲೋಹದ ವಿಚಾರದಲ್ಲಿ ಯುರೋಪಿನ ಗುರುತುಗಳು ಉಪಯುಕ್ತ: ಡಬ್ಲ್ಯು1 ಎಂದರೆ ಪೂರ್ತಿ ಸತುವಿನ ಲೇಪದ ಉಕ್ಕು, ಡಬ್ಲ್ಯು2ರಲ್ಲಿ ಪಟ್ಟಿ ಸ್ಟೇನ್‌ಲೆಸ್, ಸ್ಕ್ರೂ ಲೇಪದ ಉಕ್ಕು, ಡಬ್ಲ್ಯು4ರಲ್ಲಿ ಎಲ್ಲವೂ 304 ದರ್ಜೆಯ ಸ್ಟೇನ್‌ಲೆಸ್. ಅಂಗಡಿಯಲ್ಲಿ ಸ್ಟೇನ್‌ಲೆಸ್ ಎಂದು ಕೊಟ್ಟದ್ದು ಹೆಚ್ಚಾಗಿ ಪಟ್ಟಿಯ ಮಟ್ಟಿಗೆ ಮಾತ್ರ ನಿಜ. ಪಟ್ಟಿ ಮಿರುಗುತ್ತಿರುತ್ತದೆ, ಸ್ಕ್ರೂ ಮಾತ್ರ ತುಕ್ಕು ಹಿಡಿದು ಒಂದು ಮಳೆಗಾಲದ ನಂತರ ತಿರುಗುವುದೇ ಇಲ್ಲ. ಅಯಸ್ಕಾಂತ ಹಿಡಿದು ನೋಡುವ ರೂಢಿ ಅರ್ಧ ಮಾತ್ರ ನಂಬಬಹುದಾದದ್ದು. 304 ದರ್ಜೆಗೆ ಅದು ಅಷ್ಟಾಗಿ ಅಂಟುವುದಿಲ್ಲ ನಿಜ, ಆದರೆ ಕ್ಲಿಪ್ಪುಗಳಲ್ಲಿ ಬಳಸುವ 430 ದರ್ಜೆಯ ಸ್ಟೇನ್‌ಲೆಸ್ ಉಕ್ಕಿಗೆ ಚೆನ್ನಾಗಿಯೇ ಅಂಟುತ್ತದೆ.

2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ ಎರಡೂ ಉಕ್ಕಿ ಮುಧೋಳ, ಜಮಖಂಡಿ ತಾಲ್ಲೂಕುಗಳ ನದಿದಂಡೆಯ ಊರುಗಳಿಗೆ ನೀರು ನುಗ್ಗಿತು. ಹೀಗೆ ಮುಳುಗಿ ಎದ್ದ ಗಾಡಿಯ ರಿಪೇರಿಯಲ್ಲಿ ಎಂಜಿನ್ ಆಯಿಲ್, ಕಾರ್ಬ್ಯುರೇಟರ್, ವೈರಿಂಗ್ ನೆನಪಾಗುತ್ತವೆ, ಕ್ಲಿಪ್ಪು ನೆನಪಾಗುವುದಿಲ್ಲ. ಎರೆಮಣ್ಣಿನ ಕೆಸರು ಸ್ಕ್ರೂವಿನ ಗೂಡಿನಲ್ಲಿ ಒಣಗಿ ಕೂತರೆ ಲೇಪದ ಉಕ್ಕು ಒಳಗಿಂದ ತುಕ್ಕು ಹಿಡಿಯುತ್ತದೆ. ನೆರೆಯಲ್ಲಿ ನಿಂತ ಗಾಡಿಯಲ್ಲಿ ಇರುವ ಕ್ಲಿಪ್ಪುಗಳನ್ನೆಲ್ಲ ಒಂದೇ ಸಲ ಬದಲಿಸುವುದು ಇಡೀ ರಿಪೇರಿಯಲ್ಲಿ ಅತಿ ಕಡಿಮೆ ಖರ್ಚಿನ ಕೆಲಸ.

ಅಳತೆಯ ಮಾತಿಗೆ ಬಂದರೆ, ಕ್ಲಿಪ್ ಆಯುವುದು ಪೈಪಿನ ಹೊರ ವ್ಯಾಸ ನೋಡಿ, ಒಳ ವ್ಯಾಸವಲ್ಲ. ಅದೂ ಪೈಪು ಮೂತಿಯ ಮೇಲೆ ಏರಿ ಉಬ್ಬಿರುವಾಗಿನ ವ್ಯಾಸ. ಕ್ಯಾಲಿಪರ್ ಇಲ್ಲದಿದ್ದರೆ ಒಂದು ನೂಲು ಸಾಕು, ರಬಕವಿ-ಬನಹಟ್ಟಿಯಂಥ ನೇಕಾರರ ಊರಿನಲ್ಲಿ ಅದಕ್ಕೆಂದೂ ಬರವಿಲ್ಲ. ಪೈಪಿನ ಸುತ್ತ ನೂಲು ಸುತ್ತಿ, ಉದ್ದ ಅಳೆದು 3.14ರಿಂದ ಭಾಗಿಸಬೇಕು. ಸುತ್ತಳತೆ 75 ಮಿ.ಮೀ. ಬಂದರೆ ವ್ಯಾಸ ಸುಮಾರು 24 ಮಿ.ಮೀ. ಕ್ಲಿಪ್ಪಿನ ಪಟ್ಟಿಯ ಮೇಲೆ 8–12, 10–16, 12–20, 16–25, 20–32 ಎಂದು ಅಚ್ಚೊತ್ತಿರುತ್ತದೆ. 24ಕ್ಕೆ 16–25ರದೂ ಬರುತ್ತದೆ, 20–32ರದೂ ಬರುತ್ತದೆ, ತರಬೇಕಾದದ್ದು ಎರಡನೆಯದು. ಅಳತೆ ಪಟ್ಟಿಯ ವ್ಯಾಪ್ತಿಯ ನಡುಭಾಗಕ್ಕೆ ಬರಬೇಕು. ಕೊನೆಯ ಅಂಚಿಗೆ ಬಂದರೆ ಸ್ಕ್ರೂವಿಗೆ ಕಚ್ಚಲು ಎರಡೇ ಸೀಳು ಉಳಿದಿರುತ್ತವೆ. ಬಹಳ ದೊಡ್ಡದನ್ನು ತಂದು ಕಿರಿದು ಮಾಡಿದರೆ ಪಟ್ಟಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಉಳಿದ ಬಾಲ ವೈರಿಂಗನ್ನೋ ಟ್ಯಾಂಕಿನ ತಳವನ್ನೋ ಕೊರೆಯುತ್ತಿರುತ್ತದೆ.

ಇನ್ನು ಪೆಟ್ರೋಲ್ ಪೈಪು. ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರುವರಿ 6ರಂದು, ಬೆಂಗಳೂರಿನಲ್ಲಿ. ಆ ವರ್ಷದ ಏಪ್ರಿಲ್‌ನಿಂದ ಹೊಸ ಗಾಡಿಗಳ ರಬ್ಬರ್, ಪ್ಲಾಸ್ಟಿಕ್ ಭಾಗಗಳು ಇದಕ್ಕೆ ತಾಳುವಂತಿರಬೇಕು ಎಂದಾಯಿತು. ಹಳೆಯ ಗಾಡಿಗಳ ಕಥೆ ಬೇರೆ. ಹಳೆಯ ಬಗೆಯ ರಬ್ಬರನ್ನು ಎಥನಾಲ್ ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಟ್ಯಾಂಕ್ ಖಾಲಿಯಾಗಿ ಗಾಡಿ ನಿಂತಾಗ ಅದೇ ಪೈಪು ಒಣಗಿ ಬಿರಿಯುತ್ತದೆ. ಎಥನಾಲಿಗೆ ಗಾಳಿಯ ತೇವವನ್ನು ಹೀರುವ ಗುಣವೂ ಇರುವುದರಿಂದ ಉಕ್ಕಿನ ಮೂತಿಗೆ ತುಕ್ಕಿನ ಭಯವಿದೆ. ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿ.ಮೀ. ಓಟದ ನಂತರ ಕೆಲವು ರಬ್ಬರ್ ಭಾಗಗಳನ್ನು ಬದಲಿಸಬೇಕಾಗಬಹುದು, ಅದು ಅಗ್ಗದ ಕೆಲಸ ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟಿನಲ್ಲಿ ಹೇಳಿತು. ಅಗ್ಗವೆಂಬುದು ನಿಜ, ಆದರೆ ಯಾವ ಪೈಪು ಹಾಕಬೇಕೆಂಬುದು ಗೊತ್ತಿದ್ದರೆ.

ಬೀದಿಬದಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಪಾರದರ್ಶಕ ಪಿವಿಸಿ ಪೈಪು ಇದಕ್ಕೆ ಉತ್ತರವಲ್ಲ. ಅದನ್ನು ಮೆತ್ತಗಿಡುವ ಅಂಶವನ್ನು ಪೆಟ್ರೋಲ್ ತೊಳೆದು ಒಯ್ಯುತ್ತದೆ. ಕೆಲವೇ ತಿಂಗಳಲ್ಲಿ ಪೈಪು ಹಳದಿಗಟ್ಟಿ ಕಡ್ಡಿಯಾಗುತ್ತದೆ, ಮೂತಿಯ ಬಳಿ ಹನಿ ಕಾಣುತ್ತದೆ, ಅಲ್ಲಿಗೆ ಸ್ಕ್ರೂ ಕ್ಲಿಪ್ ಬರುತ್ತದೆ, ಒಂದು ಸುತ್ತು ಹೆಚ್ಚು ಬಿಗಿದಾಗ ಪೈಪು ಸೀಳುತ್ತದೆ. ಸೋರಿಕೆ ಕಂಡಾಗ ಮೊದಲು ಕೈ ಹೋಗುವುದು ಸ್ಕ್ರೂವಿನ ಮೇಲೆ; ನೋಡಬೇಕಾದದ್ದು ಪೈಪಿನ ತುದಿಯನ್ನು. ತುದಿಯನ್ನು ಬೆರಳಲ್ಲಿ ಮಡಚಿದಾಗ ಬಿರುಕು ಕಂಡರೆ, ಅಥವಾ ಹಳೆಯ ಕ್ಲಿಪ್ಪಿನ ಅಚ್ಚು ಆಳವಾಗಿ ಉಳಿದಿದ್ದರೆ ಪೈಪನ್ನೇ ಬದಲಿಸಬೇಕು. ಇಂಧನಕ್ಕೆಂದೇ ಮಾಡಿದ ಪೈಪುಗಳ ಮೈಮೇಲೆ ಎಸ್‌ಎಇ ಜೆ30 ಆರ್7, ಆರ್9 ಮುಂತಾದ ಗುರುತು ಇರುತ್ತದೆ. ಆರ್7 ಕಾರ್ಬ್ಯುರೇಟರಿನ ಕಡಿಮೆ ಒತ್ತಡಕ್ಕೆ, ಆರ್9 ಇಂಜೆಕ್ಷನ್ನಿನ ಹೆಚ್ಚಿನ ಒತ್ತಡಕ್ಕೆ. ಬೈಂಡಿಂಗ್ ತಂತಿಯಿಂದ ಪೈಪು ಕಟ್ಟುವ ಹಳೆಯ ಚಾಳಿ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. ತಂತಿ ರಬ್ಬರನ್ನು ಕೊಯ್ಯುತ್ತದೆ. ಅದರ ಒಂದಡಿ ಕೆಳಗೇ ಸೈಲೆನ್ಸರಿನ ಕಾದ ಪೈಪಿರುತ್ತದೆ.

ಗಾಳಿಯ ದಾರಿಯ ಕ್ಲಿಪ್ ಸಡಿಲಾದರೆ ಹನಿ ಬೀಳುವುದಿಲ್ಲ, ಹಾಗಾಗಿ ಪತ್ತೆ ಹಚ್ಚುವುದು ಕಷ್ಟ. ಕಾರ್ಬ್ಯುರೇಟರಿನ ಮುಂದೆ, ಅಂದರೆ ಎಂಜಿನ್ನಿನ ಕಡೆಯ ರಬ್ಬರಿನಲ್ಲಿ ಸಂದು ಬಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಸೇರಿ ಪೆಟ್ರೋಲಿನ ಪಾಲು ತಗ್ಗುತ್ತದೆ: ಐಡ್ಲಿಂಗ್ ಏರಿಳಿಯುತ್ತದೆ, ಎಕ್ಸಲರೇಟರ್ ಬಿಟ್ಟರೂ ಎಂಜಿನ್ ಬೇಗ ಇಳಿಯುವುದಿಲ್ಲ. ಹಳೆಯ ಎರಡು-ಸ್ಟ್ರೋಕ್ ಗಾಡಿಗಳಲ್ಲಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿಗಳನ್ನೂ ಸೇರಿಸಿ, ಈ ಕೊರತೆ ಪಿಸ್ಟನ್ ಸೀಜ್ ಆಗುವವರೆಗೂ ಒಯ್ಯಬಲ್ಲದು. ಏರ್ ಫಿಲ್ಟರಿನ ಕಡೆಯ ರಬ್ಬರಿನಲ್ಲಿ ಸಂದಾದರೆ ಸೋಸದ ಧೂಳು ಸೀದಾ ಒಳಹೋಗುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಜೋಡಿ ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ, ಲೋಕಾಪುರ-ಮುದ್ದಾಪುರದ ಕಡೆ ಸುಣ್ಣಕಲ್ಲು, ಸಿಮೆಂಟಿನ ಲಾರಿಗಳ ಹಿಂದೆ ದಿನವೂ ಓಡುವ ಗಾಡಿಗೆ ಇದು ಸಣ್ಣ ದೋಷವಲ್ಲ. ರಿಂಗು, ಸಿಲಿಂಡರ್ ಸವೆದು ಹೊಗೆ ಬರುವವರೆಗೆ ಯಾರಿಗೂ ತಿಳಿಯುವುದಿಲ್ಲ. ಎಂಜಿನ್ನಿನ ಕಡೆಯ ರಬ್ಬರನ್ನು ಪರೀಕ್ಷಿಸಲು ಕೆಲವರು ಓಡುತ್ತಿರುವ ಎಂಜಿನ್ನಿನ ಮೇಲೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ ಶಬ್ದ ಬದಲಾಗುವುದನ್ನು ಕೇಳುತ್ತಾರೆ. ಬೆಂಕಿಯ ಭಯವಿಲ್ಲದೆ ಅದೇ ಕೆಲಸವನ್ನು ನೀರಿನ ತುಂತುರು ಮಾಡುತ್ತದೆ. ಗಾಳಿಯ ದಾರಿಯ ಕ್ಲಿಪ್ಪುಗಳಲ್ಲಿ ಬಿಗಿಗೆ ಮಿತಿ ತೋರಿಸಲು ನಡುವೆ ಒಂದು ತೋಳು ಕೊಟ್ಟಿರುವುದುಂಟು. ಎರಡು ತುದಿ ಅದಕ್ಕೆ ಮುಟ್ಟಿದರೆ ಸಾಕು, ಮುಂದೆ ತಿರುಗಿಸಿದರೆ ರಬ್ಬರ್ ಹಾಳು.

ರೇಡಿಯೇಟರ್ ಇರುವ ಗಾಡಿಗಳು ಭಾರತದಲ್ಲಿ ಬಳಕೆಗೆ ಬಂದದ್ದು ಈಚೆಗೆ: ಯಮಹಾ ಆರ್15 2008ರಲ್ಲಿ, ಕೆಟಿಎಂ 200 ಡ್ಯೂಕ್ ಮತ್ತು ಬಜಾಜ್ ಪಲ್ಸರ್ 200 ಎನ್‌ಎಸ್ 2012ರಲ್ಲಿ. ಕೂಲಂಟ್ ವ್ಯವಸ್ಥೆ ಮುಚ್ಚಳದ ಒತ್ತಡದಲ್ಲಿ, ಸುಮಾರು 1 ಬಾರ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಆ ಒತ್ತಡವಿದ್ದರೆ ಕುದಿಯುವ ಮಟ್ಟ ಮೇಲೇರುತ್ತದೆ. ಒಂದು ಕ್ಲಿಪ್ ಸೋರಿದರೆ ಕೂಲಂಟಿನ ಜೊತೆ ಒತ್ತಡವೂ ಹೋಗಿ ಗಾಡಿ ಬೇಗ ಕುದಿಯುತ್ತದೆ. 40 ಡಿಗ್ರಿಯ ಏಪ್ರಿಲ್, ಮೇ ತಿಂಗಳಲ್ಲಿ ಹೀಗೆ ನಿಂತ ಗಾಡಿಗೆ ಹತ್ತಿರದ ಬೋರ್‌ವೆಲ್ ನೀರು ತುಂಬುವುದು ಸಾಮಾನ್ಯ. ಆದರೆ ನೀರಾವರಿಯ ಅತಿಯಿಂದ ಜಮೀನು ಸವಳಾಗಿರುವ ಈ ತಾಲ್ಲೂಕುಗಳಲ್ಲಿ ಅಂಥ ನೀರಿನ ಲವಣ ಅಲ್ಯೂಮಿನಿಯಂ ಮೂತಿಯನ್ನು ತಿನ್ನುತ್ತದೆ, ಬಿಳಿ ಹೊಪ್ಪಳಿಕೆ ಕಟ್ಟುತ್ತದೆ. ಆ ಒರಟು ಮೈಯ ಮೇಲೆ ಯಾವ ಕ್ಲಿಪ್ಪೂ ಪೈಪನ್ನು ಪೂರ್ತಿ ಮುಚ್ಚಿ ಕೂರಿಸಲಾರದು. ದಾರಿಯಲ್ಲಿ ಬೇರೆ ಗತಿಯಿಲ್ಲದೆ ಹಾಕಿದ್ದಾದರೆ ಮನೆ ಮುಟ್ಟಿದ ಮೇಲೆ ತೊಳೆದು ಹೊಸ ಕೂಲಂಟ್ ತುಂಬಬೇಕು.

ಬದಲಿಸುವ ಕೆಲಸ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಬಿಸಿಯಿರುವಾಗ ಮುಚ್ಚಳ ತೆಗೆದು ಮುಖ, ಕೈ ಸುಟ್ಟುಕೊಂಡವರಿದ್ದಾರೆ. ಕೂಲಂಟನ್ನು ಡಬ್ಬಿಗೆ ಇಳಿಸಬೇಕು, ನೆಲಕ್ಕಲ್ಲ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ, ನಾಯಿಗಳು ನೆಕ್ಕಿ ಸಾಯುತ್ತವೆ. ನಾಯಿಯಿಂದಲೇ ದೇಶಕ್ಕೆ ಹೆಸರಾದ ಮುಧೋಳದಲ್ಲಿ ಈ ಎಚ್ಚರ ಹೆಚ್ಚೇ ಇರಲಿ. ಅಂಟಿಕೊಂಡ ಪೈಪನ್ನು ಸ್ಕ್ರೂಡ್ರೈವರ್ ತುರುಕಿ ಎಬ್ಬಿಸಿದರೆ ಮೂತಿಗೆ ಗೀರು ಬಿದ್ದು ಅಲ್ಲೇ ಸೋರಿಕೆಯ ದಾರಿಯಾಗುತ್ತದೆ. ಮೊದಲು ತಿರುವಿ ಬಿಡಿಸಬೇಕು, ಬರದಿದ್ದರೆ ಪೈಪನ್ನೇ ಉದ್ದಕ್ಕೆ ಸೀಳಬೇಕು. ಮೂತಿಯನ್ನು ನಯವಾದ ಎಮರಿ ಕಾಗದದಿಂದ ಸುತ್ತಲೂ ಉಜ್ಜಿ ಒರೆಸಬೇಕು. ಪೈಪು ಏರಿಸಲು ಗ್ರೀಸಾಗಲಿ ಎಂಜಿನ್ ಆಯಿಲಾಗಲಿ ಬೇಡ, ರಬ್ಬರಿಗೆ ಅದು ಆಗದು; ಎರಡು ಹನಿ ಕೂಲಂಟ್ ಸಾಕು. ಕ್ಲಿಪ್ಪನ್ನು ಪೈಪಿಗೆ ಮೊದಲೇ ಏರಿಸಿಕೊಳ್ಳದೆ ಆಮೇಲೆ ಪರದಾಡುವುದು ಕಸುಬಿಗೆ ಹೊಸಬರ ಗುರುತು.

ಮೂತಿಯ ತುದಿಯಲ್ಲಿ ಒಂದು ಉಬ್ಬು ಅಂಚು ಇರುತ್ತದೆ. ಕ್ಲಿಪ್ ಆ ಉಬ್ಬನ್ನು ದಾಟಿ ಅದರ ಹಿಂದೆ, ಪೈಪಿನ ತುದಿಯಿಂದ ಎರಡು ಮೂರು ಮಿ.ಮೀ. ಒಳಗೆ ಕೂರಬೇಕು. ಉಬ್ಬಿನ ಮೇಲೆಯೇ ಕೂತರೆ ಅದು ನಿಧಾನಕ್ಕೆ ಜಾರುತ್ತದೆ. ಸ್ಕ್ರೂವಿನ ತಲೆ ಮುಂದೆ ಕೈಗೆ ಸಿಗುವ ಕಡೆ ತಿರುಗಿರಲಿ. ಬಹಳಷ್ಟು ಕ್ಲಿಪ್ಪುಗಳಲ್ಲಿ ಆ ತಲೆ 7 ಮಿ.ಮೀ. ಆರು ಮೂಲೆಯದು, ನಡುವೆ ಸ್ಕ್ರೂಡ್ರೈವರಿನ ಸೀಳೂ ಇರುತ್ತದೆ. ಸ್ಕ್ರೂಡ್ರೈವರ್ ಜಾರಿ ರೇಡಿಯೇಟರಿನ ರೆಕ್ಕೆಗೆ ಚುಚ್ಚುವುದಕ್ಕಿಂತ ಚಿಕ್ಕ ಬಾಕ್ಸ್ ಪಾನಾ ಒಳ್ಳೆಯದು. 9 ಮಿ.ಮೀ. ಅಗಲದ ಪಟ್ಟಿಗೆ ಸುಮಾರು 3 ನ್ಯೂಟನ್-ಮೀಟರ್ ಬಿಗಿ ಸಾಕಾಗುತ್ತದೆ, 12 ಮಿ.ಮೀ. ಪಟ್ಟಿಗೆ ಸುಮಾರು 5. ಟಾರ್ಕ್ ಪಾನಾ ಇಲ್ಲದ ಗ್ಯಾರೇಜಿನಲ್ಲಿ ಇದನ್ನು ಕಣ್ಣಿನಿಂದ ಅಳೆಯುತ್ತಾರೆ: ಪಟ್ಟಿಯ ಅಂಚಿನಲ್ಲಿ ರಬ್ಬರ್ ಸ್ವಲ್ಪ ಉಬ್ಬಿ ಕಾಣತೊಡಗಿದಾಗ ನಿಲ್ಲಿಸಬೇಕು, ಅಂಚು ರಬ್ಬರಿನಲ್ಲಿ ಹುದುಗಿಹೋದರೆ ಮಿತಿ ಮೀರಿದಂತೆ. ಆಮೇಲೆ ಕೂಲಂಟ್ ತುಂಬಿ, ಗಾಳಿ ಹೊರಬಿಟ್ಟು, ಫ್ಯಾನ್ ತಿರುಗುವವರೆಗೆ ಎಂಜಿನ್ ಓಡಿಸಿ, ಮರುದಿನ ತಣ್ಣಗಿರುವಾಗ ಸ್ಕ್ರೂವನ್ನು ಇನ್ನೊಮ್ಮೆ ನೋಡಬೇಕು. ಹೊಸ ರಬ್ಬರ್ ಮೊದಲ ಕಾವಿಗೆ ಒಂದಿಷ್ಟು ಕೂರುತ್ತದೆ.

ಕ್ಲಿಪ್ ಹಾಕಲೇಬಾರದ ಜಾಗಗಳೂ ಇವೆ. ಬ್ರೇಕ್ ಹೋಸಿನ ತುದಿಯನ್ನು ಕಾರ್ಖಾನೆಯಲ್ಲೇ ಲೋಹದ ಟೋಪಿ ಹಾಕಿ ಒತ್ತಿರುತ್ತಾರೆ. ಅದು ಕಿತ್ತರೆ ಇಡೀ ಹೋಸ್ ಹೊಸದಾಗಬೇಕು. ಆಯಿಲ್ ಕೂಲರಿನ ಒತ್ತಡದ ಪೈಪಿಗೂ ಅದೇ ಮಾತು. ನೈಲಾನ್ ಟೈ ಬ್ರೀದರ್, ಓವರ್‌ಫ್ಲೋ ಪೈಪುಗಳಿಗೆ ನಡೆಯುತ್ತದೆ, ಕಾವು ಮತ್ತು ಪೆಟ್ರೋಲ್ ಇರುವ ಕಡೆ ನಡೆಯುವುದಿಲ್ಲ.

2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂದ ಮೇಲೆ ಸ್ಪ್ಲೆಂಡರ್‌ನಂಥ ದಿನಬಳಕೆಯ ಗಾಡಿಗೂ, ಮೇವು, ಹಾಲಿನ ಕ್ಯಾನು, ಸೀರೆಯ ಗಂಟು ಹೊರುವ ಟಿವಿಎಸ್ ಎಕ್ಸ್‌ಎಲ್ 100ಕ್ಕೂ ಇಂಜೆಕ್ಷನ್ ಬಂತು. ಇವುಗಳಲ್ಲಿ ಪೆಟ್ರೋಲ್ ತಾನಾಗಿ ಇಳಿಯುವುದಿಲ್ಲ, ಪಂಪು ಒತ್ತಡದಿಂದ ನೂಕುತ್ತದೆ. ಅನೇಕ ಗಾಡಿಗಳಲ್ಲಿ ಆ ಒತ್ತಡ 3 ಬಾರ್ ಹತ್ತಿರ. ಇಂಥ ಪೈಪಿನ ತುದಿಗೆ ಸಾಮಾನ್ಯವಾಗಿ ಕ್ಲಿಪ್ ಇರುವುದಿಲ್ಲ, ಒತ್ತಿದರೆ ಕಟಕ್ ಎಂದು ಕೂರುವ ಪ್ಲಾಸ್ಟಿಕ್ ಕನೆಕ್ಟರ್ ಇರುತ್ತದೆ. ಅದರ ಲಾಕ್ ಮುರಿದಾಗ ಕನೆಕ್ಟರನ್ನು ಕತ್ತರಿಸಿ, ಕಾರ್ಬ್ಯುರೇಟರ್ ಕಾಲದ ಪೈಪು ತೂರಿಸಿ ಎರಡು ಸ್ಕ್ರೂ ಕ್ಲಿಪ್ ಬಿಗಿದುಕೊಡುವ ರಿಪೇರಿ ಅಪಾಯದ್ದು: ಕಳಚಿದರೆ ಪೆಟ್ರೋಲ್ ಹನಿಯುವುದಿಲ್ಲ, ಕಾದ ಎಂಜಿನ್ನಿನ ಮೇಲೆ ಚಿಮ್ಮುತ್ತದೆ. ಪೂರ್ತಿ ಪೈಪಿನ ಸೆಟ್ಟನ್ನೇ ತರಿಸಬೇಕು. ಬಿಚ್ಚುವ ಮುನ್ನ ಪಂಪಿನ ವೈರ್ ಕನೆಕ್ಟರ್ ಕಳಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಪೈಪಿನಲ್ಲಿ ಉಳಿದ ಒತ್ತಡ ಇಳಿಯುತ್ತದೆ.